ಕೊನೆಯಿಂದ ಎಣಿಸಿ ಬಿತ್ತುವ ಟೊಮೆಟೊ

ಟೊಮೆಟೊ ಬೀಜದ ಪೊಟ್ಟಣದ ಹಿಂದೆ ಒಂದು ಸಂಖ್ಯೆ ಇರುತ್ತದೆ. 55 ದಿನ, 65 ದಿನ, 80 ದಿನ ಅಂತ. ಎಷ್ಟೋ ಜನ ಅದನ್ನು ಬೀಜ ಬಿತ್ತಿದ ದಿನದಿಂದ ಎಣಿಸುತ್ತಾರೆ. ಟೊಮೆಟೊ ವಿಷಯದಲ್ಲಿ ಆ ಲೆಕ್ಕ ಸಾಮಾನ್ಯವಾಗಿ ಸಸಿ ನಾಟಿ ಮಾಡಿದ ದಿನದಿಂದ ಶುರು. ಅದಕ್ಕೂ ಮೊದಲು ಮೊಳಕೆಗೆ ಒಂದು ವಾರ, ಸಸಿ ಬಲಿಯಲು ನಾಲ್ಕೈದು ವಾರ ಬೇಕು. ಅಂದರೆ 60 ದಿನದ ತಳಿ ಬೀಜದಿಂದ ಹಣ್ಣಿಗೆ ಬರಲು ಮೂರು ತಿಂಗಳು ಹಿಡಿಯುತ್ತದೆ. 80 ದಿನದ್ದಾದರೆ ನಾಲ್ಕು ತಿಂಗಳ ಹತ್ತಿರ.

ಹೊತ್ತಿಗೆ ಸರಿಯಾಗಿ ಬಿತ್ತುವವರಿಗೆ ಇದು ದೊಡ್ಡ ವಿಷಯವಲ್ಲ. ಅವರ ಮುಂದೆ ಇಡೀ ಬೇಸಿಗೆ ಇರುತ್ತದೆ. ತಡವಾಗಿ ಬಿತ್ತುವವರಿಗೆ ಮಾತ್ರ ಹಣ್ಣು ಸಿಗುತ್ತದೋ ಇಲ್ಲವೋ ಅನ್ನುವುದೆಲ್ಲ ಆ ಐದಾರು ವಾರದ ಮೇಲೆಯೇ ನಿಂತಿರುತ್ತದೆ.

ನಾನು ತಡವಾಗಿ ಬಿತ್ತುವವರ ಪೈಕಿ. ಮೊದಮೊದಲು ಬೇರೆ ಕೆಲಸಗಳು ವಸಂತವನ್ನೆಲ್ಲ ನುಂಗಿಹಾಕುತ್ತಿದ್ದವು, ಹಾಗಾಗಿ ತಡ. ಈಗ ಬೇಕೆಂದೇ ಒಂದಷ್ಟು ಬೀಜವನ್ನು ಉಳಿಸಿಕೊಂಡು ತಡವಾಗಿ ಬಿತ್ತುತ್ತೇನೆ. ಮೊದಲ ಗಿಡಗಳು ಸೊರಗಿ, ಎಲೆ ಹಳದಿಯಾಗಿ, ಕಾಯಿ ಸಣ್ಣದಾಗುವ ಹೊತ್ತಿಗೆ ಗ್ರೀನ್‌ಹೌಸಿನಲ್ಲಿ ಒಂದು ಎಳೆಯ ಸಾಲು ನಿಂತಿರಬೇಕು ಅನ್ನುವುದು ನನ್ನ ಆಸೆ. ಈ ತಡದ ಸಾಲಿನ ಮೇಲೆ ನನಗೆ ಪ್ರೀತಿ ಒಂದು ಕೈ ಜಾಸ್ತಿ. ಅದರಲ್ಲಿ ಏನು ಬೇಕು ಅನ್ನುವುದಕ್ಕಿಂತ ಏನು ಬೇಡ ಅನ್ನುವುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಇದು ಚಳಿಗಾಲ ಗಟ್ಟಿಯಾಗಿ ಬರುವ ಜಾಗಗಳ ಮಾತು. ಹಗಲು ಚಿಕ್ಕದಾಗುವ, ರಾತ್ರಿ ಹಿಮ ಕಟ್ಟುವ ಕಡೆ ಟೊಮೆಟೊ ಬೆಳೆಗೆ ಒಂದು ಗೋಡೆ ಇರುತ್ತದೆ. ಗ್ರೀನ್‌ಹೌಸ್ ಆ ಗೋಡೆಯನ್ನು ಒಂದಷ್ಟು ವಾರ ಆಚೆಗೆ ತಳ್ಳುತ್ತದೆ. ಕೆಡವುವುದಿಲ್ಲ.

ಹಾಗಾಗಿ "ಈಗ ಬಿತ್ತಿದರೆ ತಡವಾಯ್ತಾ?" ಅಂತ ಕೇಳಿದವರಿಗೆ ನಾನು ಹೇಳುವುದು ಒಂದೇ. ಕೊನೆಯಿಂದ ಹಿಂದಕ್ಕೆ ಎಣಿಸಿ. ನಿಮ್ಮ ಗ್ರೀನ್‌ಹೌಸಿನ ಒಳಗೆ ಹಗಲು ರಾತ್ರಿ ಸೇರಿ ಸರಾಸರಿ ಬಿಸಿ 10 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುವುದು ಯಾವಾಗ? ಅಲ್ಲಿಗೆ ಗಿಡದ ಕೆಲಸ ಹೆಚ್ಚುಕಡಿಮೆ ನಿಂತಂತೆ. ಅಲ್ಲಿಂದ ಆರರಿಂದ ಎಂಟು ವಾರ ಹಿಂದೆ ಬನ್ನಿ. ಅರಳಿದ ಹೂ ಹಣ್ಣಾಗಲು ಅಷ್ಟು ಸಮಯ ಬೇಕು. ಚೆರ್ರಿ ಟೊಮೆಟೊ ಆದರೆ ಸ್ವಲ್ಪ ಕಡಿಮೆ, ದಪ್ಪ ಕಾಯಿ ಆದರೆ ಇನ್ನೂ ಜಾಸ್ತಿ. ಆ ದಿನದ ನಂತರ ಅರಳಿದ ಹೂ ನೋಡಲು ಚೆಂದ, ಅಷ್ಟೆ. ಇನ್ನೂ ಹಿಂದಕ್ಕೆ ಹೋದರೆ ಬೀಜದಿಂದ ಮೊದಲ ಹೂವಿನ ತನಕದ ಅವಧಿ. ಬೆಚ್ಚಗೆ, ಬೆಳಕಾಗಿ ಇದ್ದರೆ ಆರರಿಂದ ಎಂಟು ವಾರ. ಈ ಎರಡು ಅವಧಿಯನ್ನೂ ಕಳೆದ ಮೇಲೆ ಕೈಯಲ್ಲಿ ಎಷ್ಟು ವಾರ ಉಳಿಯುತ್ತದೋ ಅಷ್ಟೇ ಗೊಂಚಲು ನಿಮ್ಮದು. ಒಳ್ಳೆ ಬೆಳಕಿನಲ್ಲಿ, 20 ಡಿಗ್ರಿ ಸರಾಸರಿಯಲ್ಲಿ ಗಿಡ ವಾರಕ್ಕೆ ಸುಮಾರು ಒಂದು ಗೊಂಚಲು ಬಿಡುತ್ತದೆ. ಮೂರು ವಾರ ಉಳಿದರೆ ಮೂರು ಗೊಂಚಲು. ಒಂದೇ ವಾರ ಉಳಿದರೂ ಅದು ಬೆಳೆಯೇ.

ಈ ಎಣಿಕೆಯಲ್ಲಿ ನನಗೆ ಇಷ್ಟವಾಗುವುದು ಅದರ ಪ್ರಾಮಾಣಿಕತೆ. "ಬಿತ್ತಿ ನೋಡೋಣ" ಅನ್ನುವ ಮಾತಿಗೆ ಅದು ಜಾಗ ಕೊಡುವುದಿಲ್ಲ. "ಇನ್ನು ಆಗಲ್ಲ ಬಿಡಿ" ಅನ್ನುವ ಮಾತಿಗೂ ಕೊಡುವುದಿಲ್ಲ.

ಎರಡನೇ ಮಾತನ್ನು ನಾನು ಜಾಸ್ತಿ ಕೇಳಿದ್ದೇನೆ. ಆದರೆ ಗಿಡಕ್ಕೆ ತಾರೀಖು ಗೊತ್ತಿಲ್ಲ. ಹಗಲು ಇಷ್ಟು ಗಂಟೆ ಇದ್ದರೆ ಮಾತ್ರ ಹೂ ಬಿಡುತ್ತೇನೆ ಅನ್ನುವ ಜಾತಿಯ ಗಿಡವೂ ಇದಲ್ಲ. ಹಗಲು ಹಿಗ್ಗುತ್ತಿರಲಿ, ಕುಗ್ಗುತ್ತಿರಲಿ, ಇಷ್ಟು ಎಲೆ ಬಿಟ್ಟ ಮೇಲೆ ಒಂದು ಹೂಗೊಂಚಲು, ಆಮೇಲೆ ಮೂರು ಎಲೆಗೊಂದು ಗೊಂಚಲು ಅನ್ನುವುದು ಅದರ ನಡಿಗೆ. ಆ ನಡಿಗೆಯ ವೇಗವನ್ನು ನಿರ್ಧರಿಸುವುದು ಬಿಸಿ. ಗಿಡದ ತಾಕತ್ತನ್ನು ನಿರ್ಧರಿಸುವುದು ಬೆಳಕು. ಚಳಿಯಿನ್ನೂ ಬಿಡದ ದಿನಗಳಲ್ಲಿ ಬಿತ್ತಿದ ಸಸಿ ಸಣ್ಣ ಕುಂಡದಲ್ಲಿ ಬೇರು ಸುತ್ತಿಕೊಂಡು, ಕಾಂಡ ಗಟ್ಟಿಯಾಗಿ, ನಾಟಿಗೆ ಕಾಯುತ್ತಾ ಕೂತಿರುತ್ತದೆ. ಅದರ ಹಿಂದೆ ಎಷ್ಟೋ ವಾರ ಬಿಟ್ಟು ಬಿತ್ತಿದ ಸಸಿ ಬಿಸಿಲಲ್ಲಿ ತಡೆಯಿಲ್ಲದೆ ಎದ್ದು ಅದರ ಹತ್ತಿರಕ್ಕೆ ಬಂದುಬಿಡುತ್ತದೆ. ತಡವಾದಷ್ಟು ವಾರವೂ ಪೂರ್ತಿ ನಷ್ಟವಲ್ಲ. ಒಂದು ಭಾಗವನ್ನು ಬೇಸಿಗೆ ವಾಪಸ್ ಕೊಡುತ್ತದೆ.

ಮೊಳಕೆಯಲ್ಲೇ ಇದು ಕಣ್ಣಿಗೆ ಬೀಳುತ್ತದೆ. ಮಣ್ಣು 10 ಡಿಗ್ರಿಯಲ್ಲಿದ್ದರೆ ಟೊಮೆಟೊ ಬೀಜ ಮೇಲೆ ಬರಲು ಆರು ವಾರ ಬೇಕು. 15 ಡಿಗ್ರಿಯಲ್ಲಿ ಎರಡು ವಾರ. 20ರಲ್ಲಿ ಎಂಟು ದಿನ. 25ರಿಂದ 30ರ ನಡುವೆ ಆರೇ ದಿನ. ಇದಕ್ಕಿಂತ ಬೇಗ ಬೇಕು ಅಂತ ಇನ್ನಷ್ಟು ಬಿಸಿ ಕೊಟ್ಟರೆ ಕೆಲಸ ಕೆಡುತ್ತದೆ. 35 ಡಿಗ್ರಿಗೆ ಮತ್ತೆ ಒಂಬತ್ತು ದಿನಕ್ಕೆ ಹೋಗುತ್ತದೆ, 40ರಲ್ಲಿ ಮೊಳೆಯುವುದೇ ಕಷ್ಟ. ತಡವಾಗಿ ಬಿತ್ತುವವರು ಎಚ್ಚರ ವಹಿಸಬೇಕಾದ್ದು ಇಲ್ಲಿ. ಬೇಸಿಗೆಯ ಮಧ್ಯಾಹ್ನ ಗ್ರೀನ್‌ಹೌಸಿನ ಒಳಗೆ, ಕಪ್ಪು ಪ್ಲಾಸ್ಟಿಕ್ ಟ್ರೇಯ ಮಣ್ಣು 40 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಅದಕ್ಕೇ ನಾನು ತಡದ ಬೀಜವನ್ನು ಗ್ರೀನ್‌ಹೌಸಿನಲ್ಲಿ ಮೊಳೆಸುವುದಿಲ್ಲ. ಮನೆಯೊಳಗೆ ನೆರಳಲ್ಲಿ ಇಟ್ಟು, ಹಸಿರು ತಲೆ ಕಂಡ ಕೂಡಲೇ ಬೆಳಕಿಗೆ ಒಯ್ಯುತ್ತೇನೆ. ಮೊಳೆಯುವವರೆಗೆ ಅದಕ್ಕೆ ಬೇಕಾದ್ದು ಬಿಸಿ ಮತ್ತು ತೇವ. ಮೊಳೆತ ಮೇಲೆ ಒಂದು ದಿನ ಬೆಳಕು ತಪ್ಪಿದರೂ ಸಸಿ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಟೊಮೆಟೊ ಬೀಜದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಗಲಾಪಗೋಸ್ ದ್ವೀಪಗಳಲ್ಲಿ ಕಾಡು ಟೊಮೆಟೊ ಇದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ರಿಕ್ ಅದರ ಬೀಜ ತಂದು ಬಿತ್ತಿದರೆ ಮೊಳೆಯುತ್ತಲೇ ಇರಲಿಲ್ಲ. ಆಮೇಲೆ ಅಲ್ಲಿಯದೇ ದೈತ್ಯ ಆಮೆಗೆ ಹಣ್ಣು ತಿನ್ನಿಸಿ, ಅದರ ಹೊಟ್ಟೆ ದಾಟಿ ಬಂದ ಬೀಜವನ್ನು ಬಿತ್ತಿದಾಗ ಚೆನ್ನಾಗಿ ಮೊಳೆಯಿತು. 1961ರಲ್ಲಿ ಅದು ಪ್ರಕಟವಾಯಿತು. ನಾವು ಬಿತ್ತುವ ತಳಿಗಳಿಗೆ ಆಮೆಯ ಅಗತ್ಯವಿಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಅವು ಕಾಯುವುದನ್ನು ಬಿಟ್ಟಿವೆ. ನೀರು ಸಿಕ್ಕರೆ, ಬಿಸಿ ಸಿಕ್ಕರೆ ಏಳುತ್ತವೆ. ತಡವಾಗಿ ಬಿತ್ತುವ ಧೈರ್ಯ ನಮಗೆ ಇರುವುದೇ ಆ ಹಿಂದಿನವರ ಕೈಯಿಂದ ಅಲ್ವಾ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮುಂದಿನ ಎರಡು ಮೂರು ವಾರ ನಾನು ತುಂಬ ಜೋಪಾನ ಮಾಡುತ್ತೇನೆ. ಕಾರಣ ಇದೆ. ಮೊದಲ ಹೂಗೊಂಚಲು ನಮ್ಮ ಕಣ್ಣಿಗೆ ಕಾಣುವುದು ಎಷ್ಟೋ ದಿನದ ನಂತರ. ಆದರೆ ಕುಡಿಯೊಳಗೆ ಅದು ರೂಪ ಪಡೆಯುವುದು ಸಸಿಗೆ ಇನ್ನೂ ಎರಡು ಮೂರು ಎಲೆ ಇರುವಾಗಲೇ. ಎಷ್ಟನೇ ಎಲೆಯ ಮೇಲೆ ಗೊಂಚಲು ಬರಬೇಕು, ಅದರಲ್ಲಿ ಎಷ್ಟು ಹೂ ಇರಬೇಕು ಅನ್ನುವುದು ಆಗಲೇ ನಿರ್ಧಾರವಾಗಿರುತ್ತದೆ. ಬೆಳಕು ಕಡಿಮೆ, ಬಿಸಿ ಜಾಸ್ತಿ ಆದರೆ ಗೊಂಚಲು ಮೇಲಕ್ಕೆ ಹೋಗುತ್ತದೆ. ಬೆಳಕು ಧಾರಾಳವಾಗಿದ್ದು ರಾತ್ರಿ ಸ್ವಲ್ಪ ತಂಪಾಗಿದ್ದರೆ ಕೆಳಗಿನ ಎಲೆಯಲ್ಲೇ ಬರುತ್ತದೆ. ಎರಡು ಎಲೆ ಮೇಲೆ ಹೋದರೆ ಏನಾಯ್ತು ಅಂತ ಹೊತ್ತಿಗೆ ಸರಿಯಾಗಿ ಬಿತ್ತಿದವರು ಕೇಳಬಹುದು. ತಡದ ಬೆಳೆಯಲ್ಲಿ ಎರಡು ಎಲೆ ಅಂದರೆ ಸುಮಾರು ಒಂದು ವಾರ. ಒಂದು ವಾರ ಅಂದರೆ ಒಂದು ಗೊಂಚಲು.

ಸಸಿ ಕೊಳೆ ರೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬುಡ ದಾರದಂತೆ ಸಣ್ಣಗಾಗಿ ಸಸಿ ಮಲಗಿಬಿಡುವುದನ್ನು ಎಲ್ಲರೂ ಕಂಡಿದ್ದೀರಿ. ಪೈಥಿಯಂ, ರೈಜೋಕ್ಟೋನಿಯಾ ಅನ್ನುವ ಮಣ್ಣಿನ ಜೀವಿಗಳ ಕೆಲಸ ಅದು. ಹೊಸ ಮಿಶ್ರಣ, ತೊಳೆದ ಟ್ರೇ, ಮೇಲಿನ ಪದರ ಒಣಗಿದ ಮೇಲಷ್ಟೇ ನೀರು, ಸ್ವಲ್ಪ ಗಾಳಿ. ಇಷ್ಟು ಸಾಕು. ತಡದ ಬಿತ್ತನೆಯಲ್ಲಿ ಇದು ತಗುಲಿದರೆ ಮತ್ತೆ ಬಿತ್ತಲು ಸಮಯ ಇರುವುದಿಲ್ಲ. ಹಾಗಾಗಿ ನೀರಿನ ವಿಷಯದಲ್ಲಿ ಕೈ ಬಿಗಿ.

ನಾಟಿ ಮಾಡುವಾಗ ಟೊಮೆಟೊದ ಒಂದು ಗುಣ ತಡದವರ ನೆರವಿಗೆ ಬರುತ್ತದೆ. ಇದರ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಸಸಿ ಎತ್ತರವಾಗಿಬಿಟ್ಟಿದ್ದರೆ ಕೆಳಗಿನ ಎಲೆ ತೆಗೆದು, ಮೊದಲ ಜೋಡಿ ಒಳ್ಳೆ ಎಲೆಯ ತನಕ ಆಳಕ್ಕೆ ನೆಡಬಹುದು. ಅಷ್ಟು ಆಳದ ಗುಂಡಿ ಆಗದಿದ್ದರೆ ಓರೆಯಾಗಿ ಮಲಗಿಸಿ ನೆಡಬಹುದು. ನೆಲದ ಮಣ್ಣು ಈ ಹೊತ್ತಿಗೆ ಬೆಚ್ಚಗಿರುತ್ತದೆ. ವಸಂತದಲ್ಲಿ ನಾಟಿ ಮಾಡಿದ ಗಿಡ ತಣ್ಣನೆ ಮಣ್ಣಿಗೆ ಬೆದರಿ ಒಂದು ವಾರ ಸುಮ್ನೆ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ನೆಟ್ಟ ಮೂರು ನಾಲ್ಕು ದಿನಕ್ಕೆ ಹೊಸ ಎಲೆ ಬಿಚ್ಚಿಕೊಂಡಿರುತ್ತದೆ.

ಬೇರು ಬಿಡುವ ಈ ಗುಣದಿಂದಲೇ ಒಂದು ಅಡ್ಡದಾರಿಯೂ ಇದೆ. ಬೆಳೆದ ಗಿಡದ ಎಲೆ ಕಂಕುಳಿನ ಚಿಗುರನ್ನು ಮುರಿದು ನೀರಿನಲ್ಲೋ ತೇವದ ಮಣ್ಣಿನಲ್ಲೋ ಇಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ. ಬೀಜದ ಸಸಿಗಿಂತ ಬೇಗ ಹೂ ಬಿಡುತ್ತದೆ. ತೀರಾ ತಡವಾದವರಿಗೆ ಇದು ಒಳ್ಳೆಯ ದಾರಿ. ನಾನು ಆದರೂ ಬೀಜವನ್ನೇ ಹಿಡಿಯುತ್ತೇನೆ. ತಾಯಿ ಗಿಡಕ್ಕೆ ಬೇಸಿಗೆಯುದ್ದಕ್ಕೂ ತಗುಲಿದ ನಂಜು, ಬಿಳಿನೊಣದ ಮೊಟ್ಟೆ ಎಲ್ಲವೂ ಚಿಗುರಿನ ಜೊತೆಗೆ ಬರುತ್ತದೆ. ಬೀಜದ ಸಸಿ ಅದೆಲ್ಲ ಭಾರವಿಲ್ಲದೆ ಶುರು ಮಾಡುತ್ತದೆ. ಇನ್ನೊಂದು ಕಾರಣವೂ ಇದೆ. ಮೊದಲ ಸಾಲಿನಲ್ಲಿ ಇರುವ ತಳಿ ತಡದ ಸಾಲಿಗೆ ಹೊಂದುವ ತಳಿ ಆಗಿರುವುದಿಲ್ಲ.

ತಳಿಯ ಮಾತಿಗೆ ಬಂದರೆ ನನ್ನ ನಿಲುವು ಗಟ್ಟಿ. ತಡವಾಗಿ ಬಿತ್ತುವಾಗ ದಪ್ಪ ಟೊಮೆಟೊದ ಆಸೆ ಬಿಡಬೇಕು. ಬ್ರಾಂಡಿವೈನ್‌ನಂಥ ಹಳೆಯ ದೊಡ್ಡ ತಳಿಗಳು ರುಚಿಗೆ ಹೆಸರಾದವು, ಒಪ್ಪುತ್ತೇನೆ. ಆದರೆ ನಾಟಿಯಿಂದಲೇ ಅವಕ್ಕೆ 80 ದಿನಕ್ಕೂ ಹೆಚ್ಚು ಬೇಕು. ಅರ್ಧ ಕಿಲೋ ಹಸಿರು ಕಾಯಿ ಗಿಡದಲ್ಲಿ ನೇತಾಡುತ್ತಿರುವಾಗ ಹಿಮ ಬರುತ್ತದೆ. ಚೆರ್ರಿ ಟೊಮೆಟೊ ಹಾಗಲ್ಲ. ಜಪಾನಿನ ಸನ್‌ಗೋಲ್ಡ್ ನಾಟಿಯಾಗಿ ಎರಡು ತಿಂಗಳೊಳಗೆ ಹಣ್ಣು ಕೊಡುತ್ತದೆ. ಜೆಕ್ ನಾಡಿನಿಂದ ಬಂದ ಸ್ಟುಪಿಸ್ ತಂಪನ್ನು ತಡೆದುಕೊಂಡು ಬೇಗ ಮಾಗುತ್ತದೆ. ಕೆನಡಾದಲ್ಲಿ ರೂಪಿಸಿದ ಸಬ್ ಆರ್ಕ್ಟಿಕ್ ತಳಿಗಳನ್ನು ಚಿಕ್ಕ ಬೇಸಿಗೆಗೆಂದೇ ಮಾಡಿದ್ದು.

ಗಿಡ್ಡ ತಳಿಗಳು ಇನ್ನೊಂದು ಆಯ್ಕೆ. ಇವು ಒಂದು ಎತ್ತರಕ್ಕೆ ಬಂದು, ತುದಿಯಲ್ಲಿ ಹೂಗೊಂಚಲು ಬಿಟ್ಟು ತಾವೇ ನಿಂತುಬಿಡುತ್ತವೆ. ಈ ಗುಣ ಮೊದಲು ಕಂಡಿದ್ದು 1914ರಲ್ಲಿ, ಫ್ಲಾರಿಡಾದಲ್ಲಿ ತಾನಾಗಿಯೇ ಹುಟ್ಟಿದ ಒಂದು ಗಿಡದಲ್ಲಿ. ಒಂದೇ ಜೀನ್‌ನ ಬದಲಾವಣೆ. ಇವತ್ತು ಹೊಲದಲ್ಲಿ ಯಂತ್ರದಿಂದ ಕೊಯ್ಯುವ ಟೊಮೆಟೊ ಎಲ್ಲ ಆ ಗುಣದ ಮೇಲೆ ನಿಂತಿದೆ. ತಡದವರಿಗೆ ಇದರ ಉಪಯೋಗ ಬೇರೆ. ಕಾಯಿ ಹೆಚ್ಚುಕಡಿಮೆ ಒಟ್ಟಿಗೆ ಮಾಗುತ್ತದೆ. ಕುಡಿ ಚಿವುಟುವ ಕೆಲಸವನ್ನು ಗಿಡವೇ ಮಾಡಿಕೊಂಡಿರುತ್ತದೆ.

ಇನ್ನು ಗ್ರೀನ್‌ಹೌಸ್. ಗಿಡದ ಮೇಲೆ ಪಾರದರ್ಶಕ ಹೊದಿಕೆ ಹಾಕಿ ಕಾಲವನ್ನು ಹಿಗ್ಗಿಸುವ ಆಸೆ ಹಳೆಯದು. ರೋಮ್ ಚಕ್ರವರ್ತಿ ಟೈಬೀರಿಯಸ್‌ಗೆ ದಿನವೂ ಸೌತೆ ಜಾತಿಯ ಕಾಯಿ ಬೇಕಿತ್ತಂತೆ. ತೋಟದವರು ಗಾಲಿಯ ಮೇಲೆ ಮಡಿ ಮಾಡಿ, ಬಿಸಿಲಿದ್ದಾಗ ಹೊರಗೆ ಎಳೆದು, ಚಳಿಗೆ ಬೆಳಕು ಹಾಯುವ ಕಲ್ಲಿನ ಹಾಳೆಗಳ ಅಡಿಗೆ ತಳ್ಳುತ್ತಿದ್ದರು ಎಂದು ಆ ಕಾಲದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನಮ್ಮ ಕೈಯಲ್ಲಿ ಈಗ ಗಾಜು, ಪಾಲಿಕಾರ್ಬೊನೇಟ್, ಪ್ಲಾಸ್ಟಿಕ್ ಹಾಳೆ ಇದೆ. ಕೆಲಸ ಅದೇ.

ಆ ಹೊದಿಕೆ ಬಿಸಿಯನ್ನು ಹೇಗೆ ಹಿಡಿದಿಡುತ್ತದೆ ಅನ್ನುವುದನ್ನು ತಿಳಿದರೆ ಕೈಗೆ ಕೆಲಸ ಸಿಗುತ್ತದೆ. ಗಾಜು ಒಳಗಿನ ಶಾಖದ ಕಿರಣವನ್ನು ತಡೆಯುವುದರಿಂದ ಮಾತ್ರ ಒಳಗೆ ಬಿಸಿ ಏರುತ್ತದೆ ಅಂತ ಬಹಳ ಜನ ನಂಬಿದ್ದರು. 1909ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಆರ್. ಡಬ್ಲ್ಯೂ. ವುಡ್ ಎರಡು ಪೆಟ್ಟಿಗೆ ಮಾಡಿದರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖದ ಕಿರಣವನ್ನು ಹೊರಗೆ ಬಿಡುವ ಕಲ್ಲುಪ್ಪಿನ ಮುಚ್ಚಳ. ಎರಡರ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮುಖ್ಯ ಕೆಲಸ ಮಾಡುತ್ತಿದ್ದುದು ಬಿಸಿ ಗಾಳಿ ಮೇಲೆದ್ದು ಹೋಗದಂತೆ ತಡೆಯುವ ಮುಚ್ಚಳವೇ. ಇದನ್ನು ಓದಿದ ಮೇಲೆ ನನಗೆ ಗ್ರೀನ್‌ಹೌಸಿನ ಒಂದೊಂದು ಸಂದಿಯೂ ಬೇರೆಯಾಗಿ ಕಾಣತೊಡಗಿತು. ಬೇಸಿಗೆಯಲ್ಲಿ ಚಾವಣಿಯ ಕಿಟಕಿ ಒಂದು ಗೇಣು ತೆರೆದರೂ ಬಿಸಿ ಇಳಿಯುತ್ತದೆ. ಶರತ್ಕಾಲದಲ್ಲಿ ಬಾಗಿಲ ಅಡಿಯ ಒಂದು ಬೆರಳಿನ ಸಂದಿಯೂ ರಾತ್ರಿಯಿಡೀ ಸೋರುತ್ತದೆ. ಹೀಟರ್ ಬಗ್ಗೆ ಯೋಚಿಸುವ ಮುಂಚೆ ಸಂದಿ ಮುಚ್ಚಿ.

ನೀರು ತುಂಬಿದ ಡ್ರಮ್ಮನ್ನು ಒಳಗೆ ಇಡುವ ಪದ್ಧತಿ ನನಗೆ ತುಂಬ ಹಿಡಿಸಿದೆ. 200 ಲೀಟರ್ ನೀರು ರಾತ್ರಿ 10 ಡಿಗ್ರಿ ತಣಿದರೆ ಸುಮಾರು 2.3 ಯೂನಿಟ್ ವಿದ್ಯುತ್ತಿಗೆ ಸಮನಾದ ಬಿಸಿಯನ್ನು ಬಿಟ್ಟುಕೊಡುತ್ತದೆ. ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು, ಬಿಸಿಲು ಬೀಳುವ ಕಡೆ ಇಡಬೇಕು. ಹಿಮವನ್ನು ಇದು ನಿಲ್ಲಿಸುವುದಿಲ್ಲ. ರಾತ್ರಿಯ ಕೊನೆ ಜಾವದ ಎರಡು ಮೂರು ಡಿಗ್ರಿಯನ್ನು ಉಳಿಸಿಕೊಟ್ಟರೂ ಕಾಯಿಗೆ ಅದು ದೊಡ್ಡದು.

ಬೆಳಕಿಗೆ ಮಾತ್ರ ಇಂಥ ಉಪಾಯ ಇಲ್ಲ. ಗ್ರೀನ್‌ಹೌಸ್ ಬಿಸಿಯನ್ನು ಉಳಿಸುತ್ತದೆ, ಬೆಳಕನ್ನು ಕಡಿಮೆ ಮಾಡುತ್ತದೆ. ಡಚ್ ಬೆಳೆಗಾರರಲ್ಲಿ ಒಂದು ಹಳೆಯ ಅಂದಾಜು ಇದೆ: ಶೇಕಡಾ 1ರಷ್ಟು ಬೆಳಕು ಹೋದರೆ ಶೇಕಡಾ 1ರಷ್ಟು ಫಸಲು ಹೋದಂತೆ. ಹೊಸ ಗಾಜು ಕೂಡ ಬರುವ ಬೆಳಕಿನಲ್ಲಿ ಹತ್ತನೇ ಒಂದು ಭಾಗದಷ್ಟನ್ನು ಒಳಗೆ ಬಿಡುವುದಿಲ್ಲ. ಅದರ ಮೇಲೆ ಧೂಳು, ಪಾಚಿ, ಬೇಸಿಗೆಯಲ್ಲಿ ನೆರಳಿಗೆಂದು ಬಳಿದ ಸುಣ್ಣ. ತಡದ ಬೆಳೆಗೆ ನೀವು ಮಾಡಬಹುದಾದ ಖರ್ಚಿಲ್ಲದ ದೊಡ್ಡ ಉಪಕಾರ ಅಂದರೆ ಗಾಜು ತೊಳೆಯುವುದು. ಬೇಸಿಗೆ ಇಳಿಮುಖವಾದ ಕೂಡಲೇ ಒಳಗೂ ಹೊರಗೂ ತೊಳೆಯಿರಿ. ಗಿಡಗಳ ನಡುವೆ ಜಾಗ ಜಾಸ್ತಿ ಬಿಡಿ. ಹತ್ತು ಗಿಡ ಹಿಡಿಸುವ ಜಾಗದಲ್ಲಿ ಆರು ನೆಟ್ಟರೆ ಆ ಆರೂ ಹಣ್ಣು ಕೊಡುತ್ತವೆ.

ಹೂ ಬಂದ ಮೇಲೆ ಗ್ರೀನ್‌ಹೌಸಿನ ಒಳಗೆ ಒಂದು ಕೊರತೆ ಎದುರಾಗುತ್ತದೆ. ಗಾಳಿ ಇಲ್ಲ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಕೇಸರಗಳು ಒಂದಕ್ಕೊಂದು ಅಂಟಿಕೊಂಡು ಹಳದಿ ಕೊಳವೆಯಾಗಿ ನಿಂತಿರುತ್ತವೆ. ಪರಾಗ ಅದರ ಒಳಗಿರುತ್ತದೆ. ಹೂ ಅದುರಿದರೆ ಮಾತ್ರ ಅದು ಉದುರುತ್ತದೆ. ಹೊರಗೆ ಗಾಳಿಯೇ ಅಲುಗಿಸುತ್ತದೆ. ಬಂಬಲ್‌ಬೀ ಅನ್ನುವ ದಪ್ಪ ದುಂಬಿ ಹೂವನ್ನು ತಬ್ಬಿ ಹಿಡಿದು, ಸೆಕೆಂಡಿಗೆ ನೂರಾರು ಸಲ ಮೈ ಅದುರಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬರುವುದಿಲ್ಲ. ದೊಡ್ಡ ಗಾಜಿನ ಮನೆಗಳಲ್ಲಿ ಒಂದು ಕಾಲಕ್ಕೆ ಕೆಲಸದವರು ಕೈಯಲ್ಲಿ ಅದುರುವ ಯಂತ್ರ ಹಿಡಿದು ಗೊಂಚಲಿನಿಂದ ಗೊಂಚಲಿಗೆ ನಡೆಯುತ್ತಿದ್ದರು. 1985ರಲ್ಲಿ ಬೆಲ್ಜಿಯಂನ ಪಶುವೈದ್ಯ ರೋಲಾಂಡ್ ಡಿ ಯೋಂಗೆ ಈ ಕೆಲಸಕ್ಕೆ ಬಂಬಲ್‌ಬೀ ಎಷ್ಟು ಒಳ್ಳೆಯದು ಅಂತ ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಆ ದುಂಬಿಯ ಗೂಡು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂತು.

ಸಣ್ಣ ಗ್ರೀನ್‌ಹೌಸಿಗೆ ಬೆರಳು ಸಾಕು. ಬೆಳಿಗ್ಗೆ ಹತ್ತರ ನಂತರ, ಒಳಗಿನ ತೇವ ಆರಿದ ಮೇಲೆ, ಗೊಂಚಲಿನ ತೊಟ್ಟನ್ನು ಮೆಲ್ಲಗೆ ತಟ್ಟುತ್ತೇನೆ. ಬಿಸಿಲು ಓರೆಯಾಗಿ ಬೀಳುತ್ತಿದ್ದರೆ ಹಳದಿ ಪುಡಿ ಉದುರುವುದು ಕಾಣಿಸುತ್ತದೆ. ಒಳಗೆ ಥಂಡಿ ತೇವ ಜಾಸ್ತಿ ಇದ್ದರೆ ಪರಾಗ ಮುದ್ದೆಯಾಗಿ ಕೂರುತ್ತದೆ, ಎಷ್ಟು ತಟ್ಟಿದರೂ ಬರುವುದಿಲ್ಲ. ಆಗ ಮೊದಲು ಕಿಟಕಿ ತೆರೆಯಬೇಕು. ಬಿಸಿಯೂ ಹದವಾಗಿರಬೇಕು. ರಾತ್ರಿ 13ರಿಂದ 21 ಡಿಗ್ರಿ ಇದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಹಗಲು 32 ದಾಟಿದರೆ ಪರಾಗ ಕೆಡುತ್ತದೆ, ಹೂ ತೊಟ್ಟಿನಿಂದ ಕಳಚಿಕೊಳ್ಳುತ್ತದೆ. ತಡದ ಬೆಳೆಯ ಹೂ ಅರಳುವುದು ಸಾಮಾನ್ಯವಾಗಿ ಬೇಸಿಗೆಯ ಉರಿ ತಗ್ಗಿದ ಮೇಲೆ, ಚಳಿ ಶುರುವಾಗುವ ಮುಂಚೆ. ಈ ನಡುವಿನ ಕೆಲವು ವಾರ ಟೊಮೆಟೊ ಹೂವಿಗೆ ಇಡೀ ವರ್ಷದಲ್ಲೇ ಹಿತವಾದ ಕಾಲ. ತಡವಾಗಿದ್ದಕ್ಕೆ ಸಿಗುವ ನಿಜವಾದ ಲಾಭ ಇದು.

ಆಮೇಲೆ ಕತ್ತರಿ ಹಿಡಿಯುವ ದಿನ ಬರುತ್ತದೆ. ಕುಡಿ ಚಿವುಟುವುದು ಅನ್ನುತ್ತೇವೆ. ಗಿಡ ಆಗ ಒಳ್ಳೆ ಹುರುಪಿನಲ್ಲಿರುತ್ತದೆ. ತುದಿಯಲ್ಲಿ ಹೊಸ ಗೊಂಚಲು, ಅದರಾಚೆ ಇನ್ನೊಂದರ ಮೊಗ್ಗು. ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಅದನ್ನು ನಿಲ್ಲಿಸಬೇಕು. ಬೆಳೆ ಮುಗಿಯುವ ದಿನಕ್ಕೆ ಆರರಿಂದ ಎಂಟು ವಾರ ಇರುವಾಗ, ಕಾಯಿ ಕಚ್ಚಿದ ಕೊನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು ಕುಡಿಯನ್ನು ತೆಗೆಯುತ್ತೇನೆ. ಆ ಎರಡು ಎಲೆ ಬೇಕೇ ಬೇಕು. ಕೆಳಗಿನ ಕಾಯಿಗೆ ಸಕ್ಕರೆ ಕಳಿಸುವುದು ಅವೇ. ಕುಡಿ ಹೋದ ಮೇಲೆ ಗಿಡ ಸುಮ್ಮನಿರುವುದಿಲ್ಲ. ಪ್ರತಿ ಎಲೆ ಕಂಕುಳಿನಿಂದ ಚಿಗುರು ತಳ್ಳುತ್ತದೆ. ವಾರಕ್ಕೆರಡು ಸಲ ಅದನ್ನೂ ಚಿವುಟಬೇಕು. ಕೊನೆಯ ಹೂಗಳನ್ನೂ ತೆಗೆಯಬೇಕು.

ಇದು ಸುಲಭದ ಕೆಲಸವಲ್ಲ. ಬೀಜದಿಂದ ಬೆಳೆಸಿದ ಗಿಡದ ಹೂ ಕೀಳಲು ಕೈ ಬರುವುದಿಲ್ಲ. ಪಕ್ಕದವರು ನೋಡಿದರೆ ಅಯ್ಯೋ ಅನ್ನುತ್ತಾರೆ. ಆದರೆ ಲೆಕ್ಕ ಸ್ಪಷ್ಟ. ಆ ಹೂ ಹಣ್ಣಾಗುವುದಿಲ್ಲ. ಅದು ಗಿಡದಲ್ಲಿ ಇರುವಷ್ಟು ದಿನ ಮೂರನೇ ಗೊಂಚಲಿನ ಬಲಿತ ಕಾಯಿಗೆ ಸೇರಬೇಕಾದ ಸಕ್ಕರೆಯಲ್ಲಿ ಪಾಲು ಕೇಳುತ್ತದೆ. ಬೆಳಕು ಜಾಸ್ತಿ ಇರುವ ದಿನಗಳಲ್ಲಿ ಗಿಡ ಎಲ್ಲರಿಗೂ ಹಂಚಬಲ್ಲದು. ಹಗಲು ಕುಗ್ಗುವಾಗ ಆ ಹಂಚಿಕೆಯನ್ನು ನಾವೇ ಮಾಡಬೇಕು. ತಡದ ಬೆಳೆಯ ನಿಜವಾದ ಬೇಸಾಯ ಈ ಒಂದು ಕೆಲಸದಲ್ಲಿ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬಿತ್ತುವುದು, ನೀರು ಹಾಕುವುದು, ಕಟ್ಟುವುದು ಎಲ್ಲರೂ ಮಾಡುತ್ತಾರೆ. ಹೂ ಕೀಳುವವರು ಕಡಿಮೆ. ಶರತ್ಕಾಲದ ಕೊನೆಗೆ ಬರೀ ಹಸಿರು ಕಾಯಿ ಹಿಡಿದು ನಿಲ್ಲುವವರು ಜಾಸ್ತಿ ಇರುವುದಕ್ಕೆ ಅದೇ ಕಾರಣ.

ನೀರು ಈ ಹೊತ್ತಿಗೆ ಕಡಿಮೆ ಮಾಡುತ್ತಾ ಬರಬೇಕು, ಆದರೆ ಒಮ್ಮೆ ಬರ ಒಮ್ಮೆ ನೆರೆ ಆಗಬಾರದು. ಏರುಪೇರಾದರೆ ಕ್ಯಾಲ್ಸಿಯಂ ಕಾಯಿಯ ತುದಿ ತಲುಪದೆ ಅಡಿಭಾಗ ಕಪ್ಪಾಗುತ್ತದೆ, ಮಾಗುವ ಹಣ್ಣು ಒಡೆಯುತ್ತದೆ. ನೀರು ಬೆಳಿಗ್ಗೆಯೇ ಹಾಕಿ, ಬುಡಕ್ಕೆ ಮಾತ್ರ. ಸಂಜೆ ಹಾಕಿದ ನೀರು ರಾತ್ರಿ ಗಾಜಿನ ಮೇಲೆ ಹನಿಯಾಗಿ, ಎಲೆಯ ಮೇಲೆ ಬಿದ್ದು, ಬೂದು ಬೂಷ್ಟು ಹಿಡಿಸುತ್ತದೆ. ಆಲೂಗಡ್ಡೆಯನ್ನೂ ಟೊಮೆಟೊವನ್ನೂ ಒಂದೇ ವಾರದಲ್ಲಿ ಸುಟ್ಟಂತೆ ಮಾಡುವ ಅಂಗಮಾರಿ ರೋಗಕ್ಕೂ ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಹೊರಗೆ ಶರತ್ಕಾಲದ ಮಳೆಯಲ್ಲಿ ಅದನ್ನು ತಪ್ಪಿಸುವುದು ಕಷ್ಟ. ಒಳಗೆ ಎಲೆ ಒಣಗಿದ್ದರೆ ತಪ್ಪಿಸಬಹುದು. ಬಿಸಿ ಉಳಿಸುವ ಆಸೆಯಲ್ಲಿ ಹಗಲಿಡೀ ಬಾಗಿಲು ಮುಚ್ಚಿ ಇಡುವವರನ್ನು ನೋಡಿದ್ದೇನೆ. ಒಣ ಬಿಸಿಲು ಇರುವ ಮಧ್ಯಾಹ್ನ ಎರಡು ಗಂಟೆ ತೆರೆದಿಡುವುದು ಒಳ್ಳೆಯದು. ಮಾಗುತ್ತಿರುವ ಗೊಂಚಲಿನ ಕೆಳಗಿನ ಎಲೆಗಳನ್ನು ತೆಗೆದರೆ ಗಾಳಿ ಸರಾಗವಾಗಿ ಆಡುತ್ತದೆ. ಮೇಲಿನ ಎಲೆಗೆ ಕೈ ಹಚ್ಚಬೇಡಿ. ಕಾಯಿಗೆ ಬಿಸಿಲು ತಾಗಲಿ ಅಂತ ಎಲೆಯೆಲ್ಲ ಸವರಿಬಿಡುವುದು ಹಳೆಯ ಅಭ್ಯಾಸ. ಕಾಯಿ ಮಾಗಲು ಬೇಕಾದ್ದು ಬಿಸಿ. ಬಿಸಿಲು ಬೇಕಾದ್ದು ಎಲೆಗೆ.

ಕೆಂಪು ಬಣ್ಣ ಕೊಡುವ ಲೈಕೊಪೀನ್ ಚೆನ್ನಾಗಿ ತಯಾರಾಗುವುದು 20ರಿಂದ 25 ಡಿಗ್ರಿಯಲ್ಲಿ. 30 ದಾಟಿದರೆ ಅದು ನಿಲ್ಲುತ್ತದೆ, ಹಳದಿ ಬಣ್ಣ ಮಾತ್ರ ಉಳಿಯುತ್ತದೆ. ಕಡು ಬೇಸಿಗೆಯಲ್ಲಿ ಹಣ್ಣಿನ ಹೆಗಲು ಹಳದಿಯಾಗಿಯೇ ನಿಲ್ಲುವುದು ಅದಕ್ಕೇ. 10 ಡಿಗ್ರಿಗಿಂತ ಕೆಳಗೂ ಮಾಗುವುದು ನಿಲ್ಲುತ್ತದೆ, ಜೊತೆಗೆ ಕಾಯಿಯ ಒಳಗೆ ಥಂಡಿಯ ಪೆಟ್ಟು ಬೀಳುತ್ತದೆ. ಆಮೇಲೆ ಬೆಚ್ಚಗೆ ಇಟ್ಟರೂ ರುಚಿ ಬರುವುದಿಲ್ಲ. ಆದ್ದರಿಂದ ತಂಪು ರಾತ್ರಿಗಳು ಸಾಲುಗಟ್ಟಿದ ಮೇಲೆ ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲಿ ಅಂತ ನಾನು ಕಾಯುವುದಿಲ್ಲ. ಅಡಿಭಾಗದಲ್ಲಿ ಸ್ವಲ್ಪ ಬಣ್ಣ ತಿರುಗಿದ ದೋರೆಗಾಯಿಯನ್ನೇ ಕೊಯ್ದು ಒಳಗೆ ತರುತ್ತೇನೆ. ಆ ಹಂತ ದಾಟಿದ ಮೇಲೆ ಕಾಯಿ ತಾನೇ ಬಿಡುವ ಎಥಿಲೀನ್ ಅನ್ನುವ ಅನಿಲದಿಂದ ಮಾಗುತ್ತದೆ. ಕಿಟಕಿಯ ಬಿಸಿಲು ಬೇಡ. 18ರಿಂದ 21 ಡಿಗ್ರಿ ಇರುವ ಜಾಗ ಸಾಕು. ಫ್ರಿಜ್ ಬೇಡವೇ ಬೇಡ.

ಪೂರ್ತಿ ಹಸಿರಾಗಿರುವ ಕಾಯಿಯಲ್ಲಿ ಎಲ್ಲವೂ ಮಾಗುವುದಿಲ್ಲ. ಗೊತ್ತಾಗಬೇಕಾದರೆ ಒಂದನ್ನು ಅಡ್ಡ ಕತ್ತರಿಸಿ ನೋಡಬೇಕು. ಒಳಗೆ ಲೋಳೆ ತುಂಬಿದ್ದು, ಬೀಜ ಚಾಕುವಿಗೆ ಸಿಗದೆ ಜಾರಿದರೆ ಅದೇ ಗಾತ್ರದ ಉಳಿದ ಕಾಯಿಗಳು ಮಾಗುತ್ತವೆ. ಬೀಜ ಕತ್ತರಿಸಿಹೋದರೆ ಅವು ಇನ್ನೂ ಎಳಸು. ಒಂದು ಬಾಳೆಹಣ್ಣನ್ನೋ ಸೇಬನ್ನೋ ಜೊತೆಗಿಟ್ಟರೆ ಅದರ ಎಥಿಲೀನ್ ನೆರವಾಗುತ್ತದೆ. ಒಳಗೆ ಮಾಗಿದ ಹಣ್ಣಿನ ರುಚಿ ಬೇಸಿಗೆಯ ಹಣ್ಣಿನದಷ್ಟು ಗಾಢವಲ್ಲ. ಗಿಡದಲ್ಲಿದ್ದಾಗ ಕೂಡಿಟ್ಟ ಸಕ್ಕರೆ ಎಷ್ಟೋ ಅಷ್ಟೇ. ಮೂರು ಗೊಂಚಲಿಗೆ ನಿಲ್ಲಿಸಿದ ಗಿಡದ ಹಣ್ಣಿಗೂ ಏಳು ಗೊಂಚಲು ಬಿಟ್ಟ ಗಿಡದ ಹಣ್ಣಿಗೂ ಇಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹೀಟರ್ ಹಾಕಿ ಇನ್ನೊಂದು ತಿಂಗಳು ಎಳೆಯಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬೆಳಕಿಲ್ಲದೆ ಬಿಸಿ ಕೊಟ್ಟರೆ ಗಿಡ ಕೂಡಿಟ್ಟಿದ್ದನ್ನು ಖರ್ಚು ಮಾಡುತ್ತದೆ, ಹೊಸದನ್ನು ಗಳಿಸುವುದಿಲ್ಲ. ದೀಪ ಹಾಕುವುದಾದರೂ ದಿನದ 24 ಗಂಟೆ ಉರಿಸುವಂತಿಲ್ಲ. ಬಿಡುವಿಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಯಾಗಿ ಕೆಡುತ್ತದೆ. ಮನೆಯ ಗ್ರೀನ್‌ಹೌಸಿನಲ್ಲಿ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಸರಾಸರಿ 10ಕ್ಕೆ ಇಳಿದ ವಾರ ಗಿಡಗಳನ್ನು ಕೀಳುತ್ತೇನೆ. ಎಲೆ, ಕಾಂಡ ಒಂದೂ ಒಳಗೆ ಉಳಿಯಬಾರದು. ಉಳಿದರೆ ಬಿಳಿನೊಣ ಅದರಲ್ಲೇ ಮುಂದಿನ ಬೆಳೆಗೆ ಕಾದಿರುತ್ತದೆ.

ಬೀಜಕ್ಕೆ ಇಡುವ ಹಣ್ಣನ್ನು ಮಾತ್ರ ಅದಕ್ಕೂ ಬಹಳ ಮುಂಚೆ ಆರಿಸಿರುತ್ತೇನೆ. ತಡದ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಮಾಗಿದ ಗಿಡದ, ಮೊದಲ ಗೊಂಚಲಿನ ಹಣ್ಣು ಅದು. ಸನ್‌ಗೋಲ್ಡ್‌ನಂಥ ಹೈಬ್ರಿಡ್ ಆದರೆ ಬೀಜ ಇಟ್ಟು ಪ್ರಯೋಜನವಿಲ್ಲ, ಮಕ್ಕಳು ತಾಯಿಯಂತೆ ಬರುವುದಿಲ್ಲ. ಸ್ಟುಪಿಸ್‌ನಂಥ ತಳಿ ತನ್ನ ಪರಾಗವನ್ನೇ ತಾನು ಬಳಸುವುದರಿಂದ ಹಾಗೇ ಬರುತ್ತದೆ. ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ. ಅದಕ್ಕೆ ತಿರುಳನ್ನು ಸ್ವಲ್ಪ ನೀರಿನ ಜೊತೆ ಎರಡು ಮೂರು ದಿನ ಹುಳಿ ಬರಲು ಬಿಟ್ಟು, ಚೆನ್ನಾಗಿ ತೊಳೆದು, ತೇಲಿದ್ದನ್ನು ಚೆಲ್ಲಿ, ತಳದಲ್ಲಿ ಕೂತಿದ್ದನ್ನು ತಟ್ಟೆಯ ಮೇಲೆ ಹರವಿ ನೆರಳಲ್ಲಿ ಒಣಗಿಸುತ್ತೇನೆ. ಕಾಗದದ ಮೇಲೆ ಹರವಿದರೆ ಅಂಟಿಕೊಂಡುಬಿಡುತ್ತದೆ. ತೇವ ತಾಗದಂತೆ ಇಟ್ಟರೆ ನಾಲ್ಕೈದು ವರ್ಷ ಚೆನ್ನಾಗಿ ಮೊಳೆಯುತ್ತದೆ.